ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ: ಇದರಲ್ಲಿ ಅಳತೆ ಎಷ್ಟು, ಪೂರ್ವಗ್ರಹೀತ ಎಷ್ಟು?

ಪ್ರಶ್ನೆ. ಬರೆದವರು: ಕರಿಹಲಗೆ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತು ನಿಂತಿರುವ ಬಂಡೆಗುಡ್ಡವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದು ಇಲ್ಲಿನ ಬಹುತೇಕರಿಗೆ ಗೊತ್ತಿರುತ್ತದೆ. ಆ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಎಲ್ಲೆಡೆ ಓದುತ್ತೇವೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಮಕ್ಕಳಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ಆದರೆ ಈ ಸಂಖ್ಯೆ ಎಲ್ಲಿಂದ ಬಂತೆಂದು ವಿವರಿಸಲು ಕುಳಿತಾಗ ನನಗೆ ಒಂದು ತೊಡಕು ಎದುರಾಗಿದೆ.

ಪ್ರಯೋಗಾಲಯದಲ್ಲಿ ಯಾರೂ ವರ್ಷಗಳನ್ನು ಅಳೆಯುವುದಿಲ್ಲ. ಅಳೆಯುವುದು ಇಂದು ಆ ಕಲ್ಲಿನಲ್ಲಿರುವ ಕೆಲವು ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತವನ್ನು ಮಾತ್ರ. ಆ ಅನುಪಾತ ವರ್ಷಗಳಾಗಿ ಬದಲಾಗಬೇಕಾದರೆ ಕನಿಷ್ಠ ಮೂರು ಮಾತುಗಳನ್ನು ಮೊದಲೇ ಒಪ್ಪಿಕೊಳ್ಳಬೇಕಾಗುತ್ತದೆ: ವಿಕಿರಣಶೀಲ ಧಾತು ಕ್ಷಯಿಸುವ ವೇಗ ಆಗಲೂ ಈಗಿನಷ್ಟೇ ಇತ್ತು ಎನ್ನುವುದು, ಕಲ್ಲು ಹುಟ್ಟಿದಾಗ ಅದರಲ್ಲಿ ಕ್ಷಯದಿಂದ ಹುಟ್ಟುವ ಧಾತು ಎಷ್ಟಿತ್ತು ಎಂಬುದು ನಮಗೆ ಗೊತ್ತಿದೆ ಎನ್ನುವುದು, ಆಮೇಲೆ ಹೊರಗಿನಿಂದ ಏನೂ ಸೇರಲಿಲ್ಲ, ಒಳಗಿನಿಂದ ಏನೂ ಸೋರಿ ಹೋಗಲಿಲ್ಲ ಎನ್ನುವುದು. ಮೂರನ್ನೂ ಕಣ್ಣಾರೆ ಕಂಡವರಿಲ್ಲ.

ಇದನ್ನು ವಿಜ್ಞಾನದ ಮೇಲಿನ ಅಪನಂಬಿಕೆಯಿಂದ ಕೇಳುತ್ತಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನನ್ನನ್ನು ಕಾಡುವುದು ಲಾರ್ಡ್ ಕೆಲ್ವಿನ್ ಅವರ ಉದಾಹರಣೆ. ಹತ್ತೊಂಬತ್ತನೆಯ ಶತಮಾನದ ಅತಿ ಸಮರ್ಥ ಭೌತವಿಜ್ಞಾನಿಗಳಲ್ಲಿ ಒಬ್ಬರಾದ ಅವರು ಭೂಮಿಯ ವಯಸ್ಸನ್ನು ಲೆಕ್ಕ ಹಾಕಿ ಕೆಲವೇ ಕೋಟಿ ವರ್ಷಗಳೆಂದರು, ಮತ್ತು ಅವರ ಗಣಿತದಲ್ಲಿ ತಪ್ಪಿರಲಿಲ್ಲ. ವಿಕಿರಣಶೀಲತೆ ಅವರಿಗೆ ಗೊತ್ತಿರಲಿಲ್ಲವಾದ್ದರಿಂದ ಲೆಕ್ಕ ತಪ್ಪಿತು ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಹಾಗಿದ್ದರೆ ಇಂದಿನ 300 ಕೋಟಿಯ ಹಿಂದೆಯೂ ನಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಅಡಗಿರಬಾರದೇಕೆ? ಕೆಲ್ವಿನ್ ಅವರ ಆತ್ಮವಿಶ್ವಾಸಕ್ಕೂ ಇಂದಿನ ಭೂವಿಜ್ಞಾನಿಗಳ ಆತ್ಮವಿಶ್ವಾಸಕ್ಕೂ ಇರುವ ವ್ಯತ್ಯಾಸವೇನು? ಈ ವಿಷಯದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಬೇಕು. ‘ವಿಜ್ಞಾನಿಗಳು ಒಪ್ಪಿದ್ದಾರೆ’ ಎಂಬ ಉತ್ತರ ನನಗೆ ಸಾಲದು.

ಉತ್ತರ 1. ಬರೆದವರು: ನೈಸ್‌ಶಿಲೆ

ಮೇಷ್ಟ್ರೇ, ನೀವು ಪಟ್ಟಿ ಮಾಡಿದ ಮೂರೂ ಪೂರ್ವಗ್ರಹೀತಗಳು ನಿಜವಾಗಿಯೂ ಇವೆ. ಅವುಗಳನ್ನು ಯಾರೂ ಮುಚ್ಚಿಟ್ಟಿಲ್ಲ, ಈ ಕ್ಷೇತ್ರದ ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲೇ ಸಿಗುತ್ತವೆ. ನಾನು ಕೆಲವು ಕಾಲ ಇಂತಹ ಮಾದರಿಗಳನ್ನು ಪುಡಿ ಮಾಡುವ, ಕರಗಿಸುವ, ಅಳೆಯುವ ಕೆಲಸದಲ್ಲಿದ್ದವನು. ಆ ಅನುಭವದಿಂದ ಹೇಳುವುದಾದರೆ, ಕೇಳಬೇಕಾದ ಪ್ರಶ್ನೆ ‘ಪೂರ್ವಗ್ರಹೀತ ಇದೆಯೇ’ ಎಂಬುದಲ್ಲ, ‘ಅದು ಸುಳ್ಳಾಗಿದ್ದರೆ ದತ್ತಾಂಶದಲ್ಲಿ ಅದರ ಗುರುತು ಕಾಣಿಸುತ್ತದೆಯೇ’ ಎಂಬುದು.

ಮೊದಲು ‘ಆರಂಭದಲ್ಲಿ ಎಷ್ಟಿತ್ತು’ ಎಂಬುದನ್ನು ತೆಗೆದುಕೊಳ್ಳೋಣ. ಲಾಲ್‌ಬಾಗಿನ ಬಂಡೆಯಂತಹ ನಮ್ಮ ಕಡೆಯ ನೈಸ್ ಶಿಲೆಗಳಿಗೆ (ಬಿಸಿ, ಒತ್ತಡಗಳಿಂದ ಮಾರ್ಪಟ್ಟ ಪಟ್ಟೆ ಪಟ್ಟೆಯ ಕಲ್ಲುಗಳಿಗೆ) ಹಿಂದಿನಿಂದ ಬಳಸಿದ ವಿಧಾನ ರುಬಿಡಿಯಂ-ಸ್ಟ್ರಾನ್ಷಿಯಂ ವಿಧಾನ. ರುಬಿಡಿಯಂ-87 ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ಆದರೆ ಕಲ್ಲು ಹುಟ್ಟಿದಾಗಲೇ ಅದರಲ್ಲಿ ಒಂದಿಷ್ಟು ಸ್ಟ್ರಾನ್ಷಿಯಂ-87 ಇದ್ದೇ ಇರುತ್ತದೆ, ಎಷ್ಟೆಂದು ತಿಳಿಯದು. ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ: ಒಂದೇ ಶಿಲಾಸಮೂಹದಿಂದ ಹಲವು ಮಾದರಿಗಳನ್ನು ತೆಗೆದುಕೊಳ್ಳುತ್ತಾರೆ. ಕೆಲವುಗಳಲ್ಲಿ ಕಪ್ಪು ಅಭ್ರಕ ಹೆಚ್ಚಿದ್ದು ರುಬಿಡಿಯಂ ಜಾಸ್ತಿಯಿರುತ್ತದೆ, ಕೆಲವುಗಳಲ್ಲಿ ಪ್ಲಾಜಿಯೋಕ್ಲೇಸ್ ಎಂಬ ಖನಿಜ ಹೆಚ್ಚಿದ್ದು ಸ್ಟ್ರಾನ್ಷಿಯಂ ಜಾಸ್ತಿಯಿರುತ್ತದೆ. ಪ್ರತಿಯೊಂದರಲ್ಲೂ ಎರಡು ಅನುಪಾತಗಳನ್ನು ಅಳೆಯುತ್ತಾರೆ: ಕ್ಷಯದಿಂದ ಹುಟ್ಟದ ಸ್ಟ್ರಾನ್ಷಿಯಂ-86ಕ್ಕೆ ಹೋಲಿಸಿದಾಗ ರುಬಿಡಿಯಂ-87 ಎಷ್ಟು, ಸ್ಟ್ರಾನ್ಷಿಯಂ-87 ಎಷ್ಟು. ಮೊದಲನೆಯದನ್ನು ಅಡ್ಡ ಅಕ್ಷದಲ್ಲೂ ಎರಡನೆಯದನ್ನು ಲಂಬ ಅಕ್ಷದಲ್ಲೂ ಗುರುತಿಸಿದರೆ, ಎಲ್ಲ ಮಾದರಿಗಳೂ ಒಂದೇ ಕಾಲದಲ್ಲಿ ಒಂದೇ ಮೂಲದಿಂದ ಹುಟ್ಟಿ ಆಮೇಲೆ ಕದಲದೆ ಉಳಿದಿದ್ದರೆ ಬಿಂದುಗಳು ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ಇದನ್ನೇ ಐಸೊಕ್ರಾನ್ ಎನ್ನುತ್ತಾರೆ. ರೇಖೆಯ ಓರೆಯಿಂದ ವಯಸ್ಸು ಸಿಗುತ್ತದೆ. 300 ಕೋಟಿ ವರ್ಷಕ್ಕೆ ಆ ಓರೆ ಸುಮಾರು 0.043. ರೇಖೆ ಲಂಬ ಅಕ್ಷವನ್ನು ಮುಟ್ಟುವ ಜಾಗದಿಂದ ಆರಂಭದಲ್ಲಿದ್ದ ಅನುಪಾತ ಸಿಗುತ್ತದೆ. ಅಂದರೆ, ಮೊದಲೇ ಊಹಿಸಿಕೊಳ್ಳಬೇಕಾಗಿದ್ದ ಸಂಖ್ಯೆ ಇಲ್ಲಿ ಅಳತೆಯ ಫಲವಾಗಿ ಹೊರಬರುತ್ತದೆ. ನಡುವೆ ಕಲ್ಲು ಕಾದು ಧಾತುಗಳು ಅತ್ತಿತ್ತ ಸರಿದಿದ್ದರೆ ಸಾಮಾನ್ಯವಾಗಿ ಬಿಂದುಗಳು ಚದುರಿ ರೇಖೆಯೇ ಮೂಡುವುದಿಲ್ಲ. ಹಾಸನದ ಗೊರೂರು ಭಾಗದ ನೈಸ್‌ಗೆ 330 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸೆಂದು 1980ರಲ್ಲಿ ಪ್ರಕಟವಾದದ್ದು ಇದೇ ವಿಧಾನದಿಂದ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಬೇರೆ ಬೇರೆ ಮೂಲದ ಎರಡು ಶಿಲಾದ್ರವಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತರೂ ಅದೇ ನಕ್ಷೆಯಲ್ಲಿ ಅಚ್ಚುಕಟ್ಟಾದ ಸರಳರೇಖೆ ಮೂಡುತ್ತದೆ, ಮತ್ತು ಆ ರೇಖೆಯ ಓರೆಗೂ ವಯಸ್ಸಿಗೂ ಸಂಬಂಧವೇ ಇರುವುದಿಲ್ಲ. ರೇಖೆ ನೇರವಾಗಿದೆ ಎಂಬ ಒಂದೇ ಕಾರಣಕ್ಕೆ ವಯಸ್ಸನ್ನು ನಂಬುವವರು ‘ಎಲ್ಲಕ್ಕೂ ಮೂಲ ಒಂದೇ’ ಎಂಬ ಮಾತನ್ನು ತಮಗೇ ತಿಳಿಯದಂತೆ ಒಪ್ಪಿಕೊಂಡಿರುತ್ತಾರೆ. ಆದ್ದರಿಂದಲೇ ಇಂದು ನೈಸ್‌ಗಳಿಗೆ ಹೆಚ್ಚಾಗಿ ಅವುಗಳೊಳಗಿನ ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳನ್ನು ಆಶ್ರಯಿಸುತ್ತಾರೆ.

ಜಿರ್ಕಾನ್ ಹರಳುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಂನಲ್ಲಿ ಎರಡು ಐಸೊಟೋಪುಗಳಿವೆ: ಸುಮಾರು 447 ಕೋಟಿ ವರ್ಷ ಅರ್ಧಾಯುವಿನ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಯುರೇನಿಯಂ-238 ಸೀಸ-206 ಆಗುತ್ತದೆ, ಸುಮಾರು 70 ಕೋಟಿ ವರ್ಷ ಅರ್ಧಾಯುವಿನ ಯುರೇನಿಯಂ-235 ಸೀಸ-207 ಆಗುತ್ತದೆ. 300 ಕೋಟಿ ವರ್ಷ ಕಳೆದ ಹರಳಿನಲ್ಲಿ ಮೊದಲನೆಯದರ ಶೇಕಡಾ 63ರಷ್ಟು ಉಳಿದಿದ್ದರೆ ಎರಡನೆಯದರ ಶೇಕಡಾ 5ರಷ್ಟು ಮಾತ್ರ ಉಳಿದಿರುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ ಧಾತು, ಒಂದೇ ಹರಳಿನಲ್ಲಿ ಒಟ್ಟಿಗೆ ಇರುವಂಥವು. ಕ್ಷಯದ ವೇಗ ಮಾತ್ರ ಬೇರೆ. ಹರಳಿನಿಂದ ಸೀಸ ಸೋರಿದ್ದರೆ ಎರಡು ಲೆಕ್ಕಗಳು ಎರಡು ಬೇರೆ ವಯಸ್ಸು ಕೊಡುತ್ತವೆ, ಸೋರಿಕೆ ಅಲ್ಲಿಗೆ ಬಯಲಾಗುತ್ತದೆ. ಎರಡೂ ಒಪ್ಪುವ ಬಿಂದುಗಳ ವಕ್ರರೇಖೆಗೆ ಕಾನ್ಕಾರ್ಡಿಯಾ ಎಂಬ ಹೆಸರಿದೆ. ಸೋರಿದ ಹರಳುಗಳ ಬಿಂದುಗಳು ಆ ವಕ್ರರೇಖೆಯಿಂದ ಕೆಳಗಿಳಿದು ಹಲವು ವೇಳೆ ಒಂದು ಸರಳರೇಖೆಯ ಮೇಲೆ ಸಾಲಾಗಿ ನಿಲ್ಲುತ್ತವೆ, ಆ ರೇಖೆಯಿಂದಲೇ ಮೂಲ ವಯಸ್ಸನ್ನು ಪಡೆಯಲು ಸಾಧ್ಯವಾಗುತ್ತದೆ. ನಿಮ್ಮ ಮೂರನೆಯ ಪೂರ್ವಗ್ರಹೀತ ಸುಳ್ಳಾದಾಗಲೂ ಕೆಲಸ ಪೂರ್ತಿ ಕೆಡದು ಎಂಬುದೇ ಈ ವಿಧಾನದ ಹೆಚ್ಚುಗಾರಿಕೆ.

ಉಳಿದದ್ದು ಕ್ಷಯದ ವೇಗ. ಎರಡೂ ಐಸೊಟೋಪುಗಳ ವೇಗ ಒಂದೇ ಪ್ರಮಾಣದಲ್ಲಿ ಬದಲಾಗಿದ್ದರೆ ಕಾನ್ಕಾರ್ಡಿಯಾ ಅದನ್ನು ಹಿಡಿಯಲಾರದು, ಇದನ್ನು ಒಪ್ಪಿಕೊಳ್ಳಲೇಬೇಕು. ಅದಕ್ಕೆ ಸಾಕ್ಷ್ಯ ಬೇರೆ ಕಡೆಯಿಂದ ಬರಬೇಕು, ಬಂದಿದೆ ಕೂಡ. ಆಫ್ರಿಕಾದ ಗಬಾನ್ ದೇಶದ ಓಕ್ಲೋ ಗಣಿಯ ಅದಿರಿನಲ್ಲಿ ಯುರೇನಿಯಂ-235 ಇರಬೇಕಾದ ಶೇಕಡಾ 0.720ಕ್ಕಿಂತ ಕೊಂಚ ಕಡಿಮೆಯಿರುವುದು 1972ರಲ್ಲಿ ಕಂಡುಬಂತು. ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿ ತಾನಾಗಿಯೇ ಪರಮಾಣು ವಿದಳನ ಸರಪಳಿ ಕ್ರಿಯೆ ನಡೆದಿತ್ತು. ಅಲ್ಲಿ ಉಳಿದ ಸಮೇರಿಯಂ-149ರ ಪ್ರಮಾಣ ಪರಮಾಣು ಬಲಗಳ ಅತಿ ಸಣ್ಣ ಬದಲಾವಣೆಗೂ ಬಹಳ ಸೂಕ್ಷ್ಮವಾಗಿ ಸ್ಪಂದಿಸುವಂಥದ್ದು. ಅದು ಇಂದಿನ ಭೌತನಿಯಮಗಳಿಗೆ ಹೊಂದಿಕೊಳ್ಳುತ್ತದೆ, ಅಂದರೆ ಕ್ಷಯದ ಹಿಂದಿರುವ ಬಲಗಳು ಆಗಲೂ ಈಗಿನಂತೆಯೇ ಇದ್ದವು. ಇನ್ನೊಂದು ಕಡೆ, 1987ರಲ್ಲಿ ಕಾಣಿಸಿಕೊಂಡ ಸೂಪರ್‌ನೋವಾ (ಸ್ಫೋಟಿಸಿದ ನಕ್ಷತ್ರ) ನಮ್ಮಿಂದ ಸುಮಾರು 1 ಲಕ್ಷ 68 ಸಾವಿರ ಜ್ಯೋತಿರ್ವರ್ಷ ದೂರದ್ದು. ಅದರ ಬೆಳಕು ಮಂದವಾದ ಬಗೆ ಕೋಬಾಲ್ಟ್-56ರ 77 ದಿನಗಳ ಅರ್ಧಾಯುವಿಗೆ ತಕ್ಕಂತಿತ್ತು.

ವೇಗ ಎಂದಿಗೂ ಬದಲಾಗದು ಎಂಬ ಮಾತನ್ನು ಮಾತ್ರ ಮಂತ್ರದಂತೆ ಹೇಳಬಾರದು. ರೇನಿಯಂ-187ರ ಅರ್ಧಾಯು 4 ಸಾವಿರ ಕೋಟಿ ವರ್ಷಕ್ಕೂ ಹೆಚ್ಚು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅದರ 75 ಎಲೆಕ್ಟ್ರಾನ್‌ಗಳನ್ನೂ ಕಿತ್ತುಹಾಕಿ ಅಳೆದಾಗ ಅದು ಸುಮಾರು 33 ವರ್ಷಕ್ಕೆ ಇಳಿದದ್ದು 1996ರಲ್ಲಿ ಪ್ರಕಟವಾಯಿತು. ನಕ್ಷತ್ರಗಳ ಒಡಲಲ್ಲಿ ಇಂತಹ ಸ್ಥಿತಿ ಇರಬಹುದು, ಲಾಲ್‌ಬಾಗಿನ ಬಂಡೆಯಲ್ಲಿ ಅಲ್ಲ. ಯಾವ ಸಂದರ್ಭದಲ್ಲಿ ವೇಗ ಬದಲಾಗುತ್ತದೆ, ಏಕೆ ಬದಲಾಗುತ್ತದೆ ಎಂಬುದು ತಿಳಿದಿರುವುದರಿಂದಲೇ ಕಲ್ಲಿನಲ್ಲಿ ಬದಲಾಗದು ಎಂದು ಹೇಳಲು ನಮಗೆ ಧೈರ್ಯವಿದೆ.

ಉತ್ತರ 2. ಬರೆದವರು: ಹಳೆಯ ಕಡತ

ಹಿಂದಿನ ಉತ್ತರ ಐಸೊಟೋಪುಗಳ ಬಗ್ಗೆ ಹೇಳಬೇಕಾದ್ದನ್ನು ಹೇಳಿದೆ. ನಾನು ಕೆಲ್ವಿನ್ ಅವರ ಪ್ರಕರಣವನ್ನಷ್ಟೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೂಲ ಪ್ರಶ್ನೆಯಲ್ಲಿ ಬಂದಿರುವ, ನಮ್ಮ ಪುಸ್ತಕಗಳೆಲ್ಲ ಹೇಳುವ ಕಥೆಯೇ ಪರಿಶೀಲನೆಗೆ ನಿಲ್ಲುವಂಥದ್ದಲ್ಲ.

1862ರಲ್ಲಿ ವಿಲಿಯಂ ಥಾಮ್ಸನ್ (ಆಗಿನ್ನೂ ಅವರು ಲಾರ್ಡ್ ಕೆಲ್ವಿನ್ ಆಗಿರಲಿಲ್ಲ) ಮಾಡಿದ ಲೆಕ್ಕ ನೋಡಲು ಬಹಳ ಸರಳವಾದದ್ದು. ಭೂಮಿ ಒಂದು ಕಾಲದಲ್ಲಿ ಕರಗಿದ ಕಲ್ಲಿನ ಬಿಸಿಯಲ್ಲಿತ್ತು, ಸುಮಾರು 7000 ಡಿಗ್ರಿ ಫ್ಯಾರನ್‌ಹೀಟ್. ಆಮೇಲೆ ಅದು ಹೊರಮೈಯಿಂದ ತಣಿಯುತ್ತ ಬಂತು. ಗಣಿಗಳಲ್ಲಿ ಇಳಿದಂತೆ ಸುಮಾರು 50 ಅಡಿಗೆ ಒಂದು ಡಿಗ್ರಿಯಂತೆ ಬಿಸಿ ಏರುತ್ತದೆ. ಕಲ್ಲು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದು ಎಡಿನ್‌ಬರೋ ಬಳಿ ನೆಲದಲ್ಲಿ ಹೂತಿಟ್ಟ ಉಷ್ಣಮಾಪಕಗಳಿಂದ ತಿಳಿದಿತ್ತು. ಈ ಮೂರು ಸಂಖ್ಯೆಗಳನ್ನು ಫೂರಿಯೇ ಅವರ ಶಾಖವಹನದ ಸಮೀಕರಣಕ್ಕೆ ಹಾಕಿದರೆ 9.8 ಕೋಟಿ ವರ್ಷ ಬರುತ್ತದೆ. ದತ್ತಾಂಶದ ಅನಿಶ್ಚಿತತೆಯನ್ನು ಗಮನದಲ್ಲಿಟ್ಟು ಅವರು 2 ಕೋಟಿಯಿಂದ 40 ಕೋಟಿಯವರೆಗೆ ಎಂದು ವಿಶಾಲವಾದ ಅಂತರವನ್ನೇ ಬಿಟ್ಟುಕೊಟ್ಟರು. 1897ರ ಹೊತ್ತಿಗೆ ಅದನ್ನು 2 ಕೋಟಿಯಿಂದ 4 ಕೋಟಿಗೆ ಬಿಗಿಗೊಳಿಸಿದರು.

ಆ ಅಂತರದಲ್ಲಿ ಏನು ಸೇರಿತ್ತು, ಏನು ಸೇರಿರಲಿಲ್ಲ ಎಂಬುದನ್ನು ಗಮನಿಸಬೇಕು. ಆರಂಭದ ತಾಪಮಾನ ಹೆಚ್ಚು ಕಡಿಮೆಯಾಗಬಹುದು, ಆಳಕ್ಕೆ ತಕ್ಕಂತೆ ಬಿಸಿ ಏರುವ ಪ್ರಮಾಣ ಊರಿಂದ ಊರಿಗೆ ಬೇರೆಯಾಗಬಹುದು, ಇವೆಲ್ಲ ಸೇರಿದ್ದವು. ಭೂಮಿಯ ಒಡಲು ಪೂರ್ತಿ ಗಟ್ಟಿಯಾಗಿದ್ದು ಶಾಖವು ವಹನದಿಂದ ಮಾತ್ರ ಹೊರಬರುತ್ತದೆ ಎಂಬ ಮಾತು ಸೇರಿರಲಿಲ್ಲ. ಅದು ಸಂಖ್ಯೆಯ ರೂಪದಲ್ಲಿರದೆ ಸಮೀಕರಣದ ಆಯ್ಕೆಯಲ್ಲೇ ಅಡಗಿ ಕುಳಿತಿತ್ತು. ಅಂತರವನ್ನು ಎಷ್ಟು ಅಗಲಿಸಿದರೂ ಅದು ಒಳಗೆ ಬರುವಂತಿರಲಿಲ್ಲ. ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ 1869ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸಂಘದಲ್ಲಿ ಗಣಿತವನ್ನು ಬೀಸುವ ಯಂತ್ರಕ್ಕೆ ಹೋಲಿಸಿ, ಅದು ಎಷ್ಟೇ ನುಣ್ಣಗೆ ಬೀಸಿದರೂ ಹೊರಬರುವುದು ಒಳಗೆ ಹಾಕಿದ್ದೇ ಎಂಬರ್ಥದ ಮಾತನ್ನಾಡಿದ್ದರು. ಆದರೆ ಒಳಗೆ ಹಾಕಿದ್ದರಲ್ಲಿ ಯಾವುದು ಕೆಟ್ಟಿದೆಯೆಂದು ಬೆರಳಿಟ್ಟು ತೋರಿಸುವುದು ಹಕ್ಸ್‌ಲಿಗೆ ಸಾಧ್ಯವಾಗಲಿಲ್ಲ.

ಅದನ್ನು ತೋರಿಸಿದವರು ಜಾನ್ ಪೆರಿ. ಅವರು ಎಂಜಿನಿಯರು, ಹಿಂದೆ ಕೆಲ್ವಿನ್ ಅವರಿಗೇ ಸಹಾಯಕರಾಗಿದ್ದವರು. ಭೂಮಿಯ ಒಳಭಾಗ ಹೊರಪದರಕ್ಕಿಂತ ಚೆನ್ನಾಗಿ ಶಾಖ ಸಾಗಿಸುವಂತಿದ್ದರೆ, ಅಥವಾ ಅದು ನಿಧಾನವಾಗಿಯಾದರೂ ಹರಿದು ಕಲಕುವಂತಿದ್ದರೆ, ಇದೇ ಗಣಿಯ ಅಳತೆಗಳಿಂದ 200 ರಿಂದ 300 ಕೋಟಿ ವರ್ಷಗಳೂ ಬರಬಹುದೆಂದು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಕಾರಣ ಸರಳ. ಕೆಲ್ವಿನ್ ಅವರ ಮಾದರಿಯಲ್ಲಿ ಹತ್ತು ಕೋಟಿ ವರ್ಷಗಳಲ್ಲಿ ತಣಿಯುವುದು ಹೊರಗಿನ ನೂರು ಕಿಲೋಮೀಟರಿನಷ್ಟು ಪದರ ಮಾತ್ರ. ಅದರ ಕೆಳಗಿನ ಅಪಾರ ಶಾಖ ಇದ್ದಲ್ಲೇ ಉಳಿಯುತ್ತದೆ, ಮೇಲಕ್ಕೆ ಬರಲಾರದು. ಒಳಭಾಗ ಹರಿದಾಡಿದರೆ ಆ ಶಾಖ ಹೊರಪದರದ ಬುಡಕ್ಕೆ ಬರುತ್ತಲೇ ಇರುತ್ತದೆ, ಗಣಿಯಲ್ಲಿ ಕಾಣುವ ಬಿಸಿಯ ಏರಿಕೆ ನೂರಾರು ಕೋಟಿ ವರ್ಷ ಹಾಗೆಯೇ ಉಳಿಯುತ್ತದೆ. ದತ್ತಾಂಶ ಒಂದೇ, ಗಣಿತವೂ ಸರಿಯೇ, ಉತ್ತರ ಮಾತ್ರ ಮೂವತ್ತು ಪಟ್ಟು ಬೇರೆ.

ವಿಕಿರಣಶೀಲತೆಯ ವಿಚಾರಕ್ಕೆ ಬಂದರೆ, ಅದು 1896ರಲ್ಲಿ ಪತ್ತೆಯಾದದ್ದು, ರೇಡಿಯಂ ಶಾಖ ಸೂಸುವುದು 1903ರಲ್ಲಿ ತಿಳಿದದ್ದು, ಮರುವರ್ಷ ರುದರ್‌ಫೋರ್ಡ್ ಲಂಡನ್ನಿನಲ್ಲಿ ಕೆಲ್ವಿನ್ ಅವರ ಎದುರಿನಲ್ಲೇ ಅದರ ಬಗ್ಗೆ ಉಪನ್ಯಾಸ ಮಾಡಿದ್ದು ಎಲ್ಲವೂ ನಿಜ. ಆದರೆ ಅದೇ ಕೆಲ್ವಿನ್ ಮಾದರಿಗೆ, ಒಳಭಾಗ ಗಟ್ಟಿಯೆಂದೇ ಇಟ್ಟುಕೊಂಡು, ವಿಕಿರಣಶೀಲ ಧಾತುಗಳ ಶಾಖವನ್ನು ಸೇರಿಸಿ ನೋಡಿದರೆ ಉತ್ತರ ಹೆಚ್ಚೇನೂ ಬದಲಾಗುವುದಿಲ್ಲ. ಆ ಶಾಖದಲ್ಲೂ ಹೊರಗಿನ ನೂರು ಕಿಲೋಮೀಟರಿನದ್ದು ಮಾತ್ರ ಹೊರಬರಬಲ್ಲದು. ಫಿಲಿಪ್ ಇಂಗ್ಲೆಂಡ್, ಪೀಟರ್ ಮೋಲ್ನರ್, ಫ್ರಾಂಕ್ ರಿಕ್ಟರ್ ಎಂಬ ಭೂವಿಜ್ಞಾನಿಗಳು 2007ರಲ್ಲಿ ಇದನ್ನು ಲೆಕ್ಕ ಸಮೇತ ವಿವರಿಸಿದ್ದಾರೆ. ಕೆಲ್ವಿನ್ ಎಡವಿದ್ದು ಪೆರಿ ತೋರಿಸಿದ ಜಾಗದಲ್ಲಿ. ಸೂರ್ಯನ ವಯಸ್ಸಿನ ಬಗ್ಗೆ ಕೆಲ್ವಿನ್ ಮಾಡಿದ ಇನ್ನೊಂದು ಲೆಕ್ಕವಿದೆ. ಅಲ್ಲಿ ಮಾತ್ರ ಪರಮಾಣು ಶಕ್ತಿಯ ಅರಿವಿಲ್ಲದಿದ್ದುದೇ ನಿಜವಾದ ಕಾರಣ. ನಮ್ಮ ಪುಸ್ತಕಗಳು ಎರಡನ್ನೂ ಕಲಸಿಬಿಟ್ಟಿವೆ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ‘ಅವರಿಗೆ ಗೊತ್ತಿರಲಿಲ್ಲ, ಆಮೇಲೆ ಹೊಸದು ಕಂಡುಹಿಡಿದರು’ ಎಂಬ ಕಥೆಯಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಪೆರಿಯ ಕಥೆಯಲ್ಲಿ ಹಾಗಲ್ಲ. ಅವರ ಕೈಯಲ್ಲಿದ್ದದ್ದು ಕೆಲ್ವಿನ್ ಬಳಿಯಿದ್ದ ಮಾಹಿತಿಯೇ. ಅವರು ಪೂರ್ವಗ್ರಹೀತಗಳನ್ನು ಒಂದೊಂದಾಗಿ ಸಡಿಲಿಸಿ ಯಾವುದಕ್ಕೆ ಉತ್ತರ ಎಷ್ಟು ಅಲುಗಾಡುತ್ತದೆಂದು ನೋಡಿದರು. ಮೇಷ್ಟ್ರು ತರಗತಿಯಲ್ಲಿ ಹೇಳುವುದಾದರೆ ಈ ಕಥೆಯನ್ನೇ ಹೇಳಬೇಕೆಂದು ನನ್ನ ವಿನಂತಿ.

ಉತ್ತರ 3. ಬರೆದವರು: ಎದುರುವಾದಿ

ಎರಡೂ ಉತ್ತರಗಳಿಗೆ ನನ್ನ ಸಹಮತವಿದೆ, ಆದರೂ ಒಂದು ಮಾತಿಗೆ ತಕರಾರು. ‘ಬೇರೆ ಬೇರೆ ವಿಧಾನಗಳು ಒಂದೇ ಉತ್ತರ ಕೊಡುತ್ತವೆ, ಆದ್ದರಿಂದ ಉತ್ತರ ಸರಿ’ ಎಂಬ ವಾದವು ಇಂತಹ ಚರ್ಚೆಗಳಲ್ಲಿ ಯಾವಾಗಲೂ ಕೊನೆಯ ಅಸ್ತ್ರವಾಗಿ ಬರುತ್ತದೆ. ಮೊದಲ ಉತ್ತರದಲ್ಲಿಯೂ ಅದರ ಛಾಯೆ ಇದೆ. ಈ ವಾದ ಕೆಲ್ವಿನ್ ಕಾಲದಲ್ಲಿಯೂ ಇತ್ತು. 1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಸಮುದ್ರದಲ್ಲಿರುವ ಒಟ್ಟು ಸೋಡಿಯಂ ಅನ್ನು ನದಿಗಳು ವರ್ಷಕ್ಕೆ ತಂದು ಸುರಿಯುವ ಸೋಡಿಯಂನಿಂದ ಭಾಗಿಸಿ 8 ರಿಂದ 9 ಕೋಟಿ ವರ್ಷ ಎಂದರು. ಗಸಿಶಿಲೆಗಳ ಒಟ್ಟು ದಪ್ಪದಿಂದ ಲೆಕ್ಕ ಹಾಕಿದ ಹಲವರಿಗೂ ಹತ್ತು ಕೋಟಿಯ ಆಸುಪಾಸಿನ ಉತ್ತರವೇ ಸಿಕ್ಕಿತ್ತು. ಶಾಖ, ಉಪ್ಪು, ಗಸಿ ಎಂಬ ಮೂರು ಸಂಬಂಧವಿಲ್ಲದ ದಾರಿಗಳು ಒಂದೇ ಊರಿಗೆ ಬಂದು ಸೇರಿದ್ದವು, ಮತ್ತು ಆ ಊರೇ ತಪ್ಪಾಗಿತ್ತು.

ಹೇಗೆ? ಸಮುದ್ರಕ್ಕೆ ಬಂದ ಸೋಡಿಯಂ ಅಲ್ಲಿಂದ ಹೊರಹೋಗುವುದಿಲ್ಲ ಎಂದು ಜೋಲಿ ಭಾವಿಸಿದ್ದರು. ವಾಸ್ತವದಲ್ಲಿ ಅದು ಉಪ್ಪಿನ ಪದರಗಳಾಗಿ, ಸಮುದ್ರತಳದ ಶಿಲೆಗಳೊಂದಿಗಿನ ಕ್ರಿಯೆಯಿಂದ ಹೊರಹೋಗುತ್ತಲೇ ಇರುತ್ತದೆ. ಅವರು ಅಳೆದದ್ದು ಸಮುದ್ರದ ವಯಸ್ಸನ್ನಲ್ಲ, ಸೋಡಿಯಂ ಅಲ್ಲಿ ತಂಗುವ ಸರಾಸರಿ ಕಾಲವನ್ನು. ಗಸಿಯ ಲೆಕ್ಕದಲ್ಲೂ ಹಳೆಯ ಪದರಗಳು ಸವೆದು ಮತ್ತೆ ಗಸಿಯಾಗುವುದನ್ನು ಬಿಟ್ಟಿದ್ದರು. ಇದರ ಜೊತೆಗೆ ಮನುಷ್ಯ ಸ್ವಭಾವವೂ ಇದೆ. ಗಸಿ ಸೇರುವ ವೇಗವನ್ನು ಆರಿಸಿಕೊಳ್ಳಲು ವಿಪುಲ ಅವಕಾಶವಿರುವಾಗ, ಕೆಲ್ವಿನ್ ಅವರಂತಹ ದೊಡ್ಡವರ ಸಂಖ್ಯೆ ಎದುರಿಗಿದ್ದರೆ, ಅದರ ಹತ್ತಿರ ಬರುವ ಉತ್ತರ ‘ಸರಿ’ ಎನಿಸುತ್ತದೆ, ದೂರ ಹೋಗುವ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸಬೇಕೆನಿಸುತ್ತದೆ. ಆದ್ದರಿಂದ ವಿಧಾನಗಳು ಒಪ್ಪಿದವೋ ಇಲ್ಲವೋ ಎಂಬುದಕ್ಕಿಂತ, ಒಪ್ಪದಿರಲು ಅವುಗಳಿಗೆ ಅವಕಾಶವಿತ್ತೋ ಇಲ್ಲವೋ ಎಂಬುದನ್ನು ಮೊದಲು ಕೇಳಬೇಕು. ಯುರೇನಿಯಂನ ಎರಡು ಕ್ಷಯಗಳಿಗೆ ಆ ಅವಕಾಶವಿದೆ ಎಂಬುದನ್ನು ಒಪ್ಪುತ್ತೇನೆ.

ಇನ್ನೊಂದು ಬಗೆಯ ಪೂರ್ವಗ್ರಹೀತ ಸಮೀಕರಣದಲ್ಲೂ ಇರುವುದಿಲ್ಲ, ಪ್ರಯೋಗಾಲಯದ ಗಾಳಿಯಲ್ಲಿರುತ್ತದೆ. ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಉಲ್ಕಾಶಿಲೆಗಳ ಸೀಸದಿಂದ ತೋರಿಸಿದ ಕ್ಲೇರ್ ಪ್ಯಾಟರ್ಸನ್ ಅವರಿಗೆ ಆರಂಭದಲ್ಲಿ ಅಳೆದಷ್ಟೂ ಸೀಸ ಹೆಚ್ಚಾಗಿ ಬರುತ್ತಿತ್ತು. ಅವರ ಜೊತೆಗಾರ ಜಾರ್ಜ್ ಟಿಲ್ಟನ್ ಅಳೆದ ಯುರೇನಿಯಂ ಸರಿಯಾಗಿತ್ತು. ಪಾತ್ರೆಯಲ್ಲಿರುವ ಸೀಸವೆಲ್ಲ ಕಲ್ಲಿನದೇ ಎಂಬುದು ಯಾರೂ ಬರೆದಿಡದ ಪೂರ್ವಗ್ರಹೀತವಾಗಿತ್ತು. ಆ ಸೀಸ ದೂಳಿನಿಂದ, ನೀರಿನಿಂದ, ರಾಸಾಯನಿಕಗಳಿಂದ, ಕೈಬೆರಳುಗಳಿಂದಲೂ ಬರುತ್ತಿತ್ತು. ಅದನ್ನು ತಡೆಯಲು ಅವರು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಗಾಳಿಯನ್ನೇ ಸೋಸುವ ಪ್ರಯೋಗಾಲಯ ಕಟ್ಟಿಸಿದರು, ಮತ್ತು ಅಷ್ಟೊಂದು ಸೀಸ ಎಲ್ಲಿಂದ ಬಂತೆಂದು ಹುಡುಕುತ್ತ ಸೀಸ ಬೆರೆಸಿದ ಪೆಟ್ರೋಲಿನ ವಿರುದ್ಧದ ಹೋರಾಟಕ್ಕೆ ಇಳಿದರು.

ಕರಿಹಲಗೆ:

ಮೂವರಿಗೂ ಕೃತಜ್ಞತೆಗಳು. ಪೆರಿಯವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ನೈಸ್‌ಶಿಲೆಯವರಿಗೆ ಇನ್ನೊಂದು ಪ್ರಶ್ನೆ. ನಮ್ಮ ಕಡೆಯ ನೈಸ್‌ಗೆ ಒಂದು ಕಡೆ 340 ಕೋಟಿ, ಒಂದು ಕಡೆ 300 ಕೋಟಿ, ಮತ್ತೊಂದು ಕಡೆ 250 ಕೋಟಿ ಎಂದು ಓದಿದ್ದೇನೆ. ಅಳತೆ ಇಷ್ಟು ನಿಖರವಾಗಿದ್ದರೆ ಇಷ್ಟು ವ್ಯತ್ಯಾಸ ಏಕೆ? ಮಕ್ಕಳಿಗೆ ಯಾವ ಸಂಖ್ಯೆ ಹೇಳಬೇಕು?

ನೈಸ್‌ಶಿಲೆ:

ಎದುರುವಾದಿಯವರ ತಕರಾರು ನ್ಯಾಯವಾದದ್ದು. ಜೋಲಿಯವರ ಉಪ್ಪಿನ ಲೆಕ್ಕವನ್ನು ನಾನೇ ಉಲ್ಲೇಖಿಸಬೇಕಿತ್ತು.

ಮೇಷ್ಟ್ರೇ, ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವಾದದ್ದು, ಏಕೆಂದರೆ ‘ಬಂಡೆಗೆ ಒಂದೇ ವಯಸ್ಸು ಇರುತ್ತದೆ’ ಎಂಬುದು ಅದರೊಳಗೇ ಕುಳಿತಿದೆ. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ‘ಪೆನಿನ್ಸುಲರ್ ನೈಸ್’ ಎಂಬ ಹೆಸರಿನಡಿ ತಂದ ಶಿಲಾಸಮೂಹ ದಕ್ಷಿಣ ಕರ್ನಾಟಕದ ಬಹುಭಾಗವನ್ನು ಹರಡಿಕೊಂಡಿದೆ, ಮತ್ತು ಅದು ಒಂದೇ ಸಲ ಹುಟ್ಟಿದ್ದಲ್ಲ. ಹಾಸನದ ಕಡೆಯ ಹಳೆಯ ಭಾಗಗಳು 330 ಕೋಟಿ ವರ್ಷ ದಾಟುತ್ತವೆ. ಪೂರ್ವದ ಕಡೆ ಬಂದಂತೆ ಹೊಸ ಶಿಲಾದ್ರವ ನುಗ್ಗಿದ, ಹಳೆಯದು ಮತ್ತೆ ಕಾದು ಭಾಗಶಃ ಕರಗಿದ ಕುರುಹುಗಳು ಸಿಗುತ್ತವೆ. ರಾಮನಗರದ ಗುಡ್ಡಗಳ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಅದು ಮೇಲೇರಿದ ಕಾಲದ ಬಿಸಿ ಸುತ್ತಲಿನ ನೈಸ್‌ಗಳ ಮೇಲೂ ಗುರುತು ಬಿಟ್ಟಿದೆ.

ಲಾಲ್‌ಬಾಗಿನ ಬಂಡೆಯನ್ನೇ ಹತ್ತಿರದಿಂದ ನೋಡಿದರೆ ಬಿಳಿ ಮತ್ತು ಕಪ್ಪು ಪಟ್ಟೆಗಳು ಮಡಚಿ ಹೊರಳಿರುವುದು ಕಾಣುತ್ತದೆ. ಕಪ್ಪು ಪಟ್ಟೆಯಲ್ಲಿ ಅಭ್ರಕ ಹೆಚ್ಚು, ಬಿಳಿಯದರಲ್ಲಿ ಸ್ಫಟಿಕಶಿಲೆ ಮತ್ತು ಫೆಲ್ಡ್‌ಸ್ಪಾರ್ ಹೆಚ್ಚು. ಕೆಲವು ಬಿಳಿ ಎಳೆಗಳು ಹಳೆಯ ಪಟ್ಟೆಗಳನ್ನು ಅಡ್ಡವಾಗಿ ಕತ್ತರಿಸುತ್ತವೆ. ಕತ್ತರಿಸಿದ್ದು ಕತ್ತರಿಸಲ್ಪಟ್ಟದ್ದಕ್ಕಿಂತ ವಯಸ್ಸಿನಲ್ಲಿ ಕಿರಿಯದು, ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಇಂತಹ ಬಂಡೆಯಿಂದ ಮುಷ್ಟಿಗಾತ್ರದ ಚೂರೊಂದನ್ನು ಇಡಿಯಾಗಿ ಪುಡಿ ಮಾಡಿ ಅಳೆದರೆ ಬರುವ ಸಂಖ್ಯೆ ಯಾವ ಘಟನೆಯದೂ ಆಗಿರದೆ ಹಲವು ಘಟನೆಗಳ ಸರಾಸರಿಯಾಗಿರಬಹುದು. ಜಿರ್ಕಾನ್ ಹರಳಿನಲ್ಲೂ ಇದೇ ಸಮಸ್ಯೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಹರಳನ್ನು ಅರ್ಧಕ್ಕೆ ಉಜ್ಜಿ ನೋಡಿದರೆ ನಡುವಿನ ತಿರುಳು ಒಂದು ಕಾಲದ್ದು, ಸುತ್ತಲಿನ ಅಂಚು ಇನ್ನೊಂದು ಕಾಲದ್ದು. ಹಿಂದೆ ಹರಳುಗಳನ್ನು ಇಡಿಯಾಗಿ ಕರಗಿಸುತ್ತಿದ್ದರು, ಎರಡೂ ಬೆರೆತು ನಡುವಿನದೊಂದು ಸಂಖ್ಯೆ ಬರುತ್ತಿತ್ತು. ಈಗ ಅಯಾನು ಕಿರಣದಿಂದ 20-30 ಮೈಕ್ರೋಮೀಟರಿನ ಚುಕ್ಕೆಯಷ್ಟು ಜಾಗವನ್ನು ಆರಿಸಿ ತಿರುಳನ್ನೂ ಅಂಚನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ.

ಹಾಗಾಗಿ ಮಕ್ಕಳಿಗೆ ‘ಸುಮಾರು 300 ಕೋಟಿ’ ಎನ್ನುವುದು ತಪ್ಪಲ್ಲ, ಜೊತೆಗೆ ‘ಇದರಲ್ಲಿ ಒಂದಕ್ಕಿಂತ ಹೆಚ್ಚು ಕಾಲದ ಭಾಗಗಳಿವೆ’ ಎಂದು ಸೇರಿಸಿ ಪಟ್ಟೆಗಳನ್ನು ತೋರಿಸಿ.

ಹಳೆಯ ಲೇಖನಗಳ ಸಂಖ್ಯೆಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ರುಬಿಡಿಯಂ-87 ಬಹಳ ನಿಧಾನವಾಗಿ ಕ್ಷಯಿಸುವುದರಿಂದ ಅದರ ಕ್ಷಯಾಂಕವನ್ನು (ಕ್ಷಯದ ವೇಗ ಹೇಳುವ ಸಂಖ್ಯೆಯನ್ನು) ಅಳೆಯುವುದು ಕಷ್ಟ. ಒಂದು ಕಾಲದಲ್ಲಿ ಕೆಲವರು 5000 ಕೋಟಿ ವರ್ಷದ ಅರ್ಧಾಯುವನ್ನೂ, ಕೆಲವರು 4700 ಕೋಟಿಯದ್ದನ್ನೂ ಬಳಸುತ್ತಿದ್ದರು; ಅದೇ ಮಾದರಿ, ಅದೇ ಓರೆ, ಮೊದಲನೆಯವರ 300 ಕೋಟಿ ಎರಡನೆಯವರಿಗೆ 282 ಕೋಟಿ. 1977ರಲ್ಲಿ ಎಲ್ಲರೂ ಒಂದೇ ಮೌಲ್ಯ ಬಳಸುವಂತೆ ಅಂತರರಾಷ್ಟ್ರೀಯ ಒಪ್ಪಂದವಾಯಿತು, 2015ರಲ್ಲಿ ಅದನ್ನೂ ಶೇಕಡಾ 1.6ರಷ್ಟು ತಿದ್ದಲಾಯಿತು. ಹಾಗಾಗಿ 1990ರ ಲೇಖನದಲ್ಲಿ 300 ಕೋಟಿ ಎಂದಿದ್ದರೆ ಇಂದಿನ ಲೆಕ್ಕದಲ್ಲಿ ಅದು ಸುಮಾರು 305 ಕೋಟಿ. ಎರಡು ಲೇಖನಗಳ ವಯಸ್ಸು ಐದು-ಹತ್ತು ಕೋಟಿ ವರ್ಷ ಬೇರೆಯಾಗಿ ಕಂಡರೆ, ಬಂಡೆಯ ಇತಿಹಾಸದ ಬಗ್ಗೆ ಹೊಸ ಸಿದ್ಧಾಂತ ಕಟ್ಟುವ ಮೊದಲು ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಕ್ಷಯಾಂಕ ಬಳಸಿದ್ದಾರೆಂದು ಬರೆದಿರುವುದನ್ನು ನೋಡಿ.